ರೋಗ ನಿದಾನದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ



ಮೂತ್ರಪಿಂಡದಿಂದಲೋ ಸ್ನಾಯುವಿನಿಂದಲೋ ಒಂದು ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳುಹಿಸಬೇಕೆಂದು ವೈದ್ಯರು ಹೇಳಿದೊಡನೆ ಮನೆಯವರೆಲ್ಲ ಕಳವಳಗೊಳ್ಳುವುದು ಸಹಜ. ರಕ್ತ ಪರೀಕ್ಷೆಯಾಯಿತು, ಮೂತ್ರ ಪರೀಕ್ಷೆಯಾಯಿತು, ಸ್ಕ್ಯಾನಿಂಗ್ ಕೂಡ ಆಯಿತು, ಇನ್ನೂ ಏಕೆ ಸೂಜಿ ಚುಚ್ಚಬೇಕು ಎಂಬುದು ಅವರ ಪ್ರಶ್ನೆ. ದಾಬಸ್‌ಪೇಟೆ, ಶಿವಗಂಗೆಯ ಸುತ್ತಲಿನ ಹಳ್ಳಿಗಳ ಜನರು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಿ ಬಂದು, ಕಡತವನ್ನು ಮುಂದಿಟ್ಟು, "ಬಯಾಪ್ಸಿ ಮಾಡಿಸಲೇಬೇಕೇ ಡಾಕ್ಟರೇ? ಬರಿಯ ಔಷಧದಲ್ಲಿ ಹೋಗುವುದಿಲ್ಲವೇ?" ಎಂದು ಕೇಳುವುದುಂಟು. ಆ ಕಡತದಲ್ಲಿ ಕೆಲವೊಮ್ಮೆ "ಎಲೆಕ್ಟ್ರಾನ್ ಮೈಕ್ರೋಸ್ಕೋಪಿ ವರದಿ ಬರಬೇಕಾಗಿದೆ" ಎಂಬ ಒಂದು ಸಾಲು ಇರುತ್ತದೆ. ಈ ಪರೀಕ್ಷೆ ಏನು, ಯಾವ ರೋಗಗಳಲ್ಲಿ ಅದು ನಿರ್ಣಾಯಕ, ಅದನ್ನು ಮುಂದೂಡಿದರೆ ಆಗುವ ನಷ್ಟವೇನು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಇರುವುದೆಲ್ಲ ಕಾಣುವುದಿಲ್ಲ

ನಮ್ಮ ಪ್ರಾಚೀನ ವೈದ್ಯ ಗ್ರಂಥವಾದ ಚರಕ ಸಂಹಿತೆಯು ರೋಗವನ್ನು ಅರಿಯಲು ಮೂರು ದಾರಿಗಳನ್ನು ಹೇಳುತ್ತದೆ: ಬಲ್ಲವರ ಮಾತಾದ ಆಪ್ತೋಪದೇಶ, ಇಂದ್ರಿಯಗಳಿಂದ ಅರಿಯುವ ಪ್ರತ್ಯಕ್ಷ, ಮತ್ತು ಊಹೆಯಿಂದ ತಿಳಿಯುವ ಅನುಮಾನ. ಅದೇ ಗ್ರಂಥದ ಸೂತ್ರಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ, ಇರುವ ವಸ್ತುವೂ ಏಕೆ ಕಾಣುವುದಿಲ್ಲ ಎಂಬುದಕ್ಕೆ ಎಂಟು ಕಾರಣಗಳನ್ನು ಕೊಟ್ಟಿದೆ. ಅತಿ ಸಮೀಪ, ಅತಿ ದೂರ, ನಡುವೆ ಮರೆ, ಇಂದ್ರಿಯದ ದೌರ್ಬಲ್ಯ, ಮನಸ್ಸಿನ ಚಂಚಲತೆ, ಒಂದೇ ಬಗೆಯ ವಸ್ತುಗಳಲ್ಲಿ ಬೆರೆತುಹೋಗುವುದು, ಹೆಚ್ಚು ಪ್ರಬಲವಾದುದರ ಮುಂದೆ ಮಸುಕಾಗುವುದು, ಕೊನೆಯದಾಗಿ ಅತಿಸೂಕ್ಷ್ಮತೆ. ಕಣ್ಣಿಗೆ ಕಾಣಲಿಲ್ಲವೆಂಬ ಮಾತ್ರಕ್ಕೆ ಇಲ್ಲವೆನ್ನಬಾರದು ಎಂಬುದು ಅಲ್ಲಿಯ ವಿವೇಕ. ಶಾರೀರಸ್ಥಾನದಲ್ಲಿಯೂ, ದೇಹದ ಅವಯವಗಳನ್ನು ಪರಮಾಣುಗಳಾಗಿ ವಿಭಾಗಿಸುತ್ತ ಹೋದರೆ ಅವು ಎಣಿಕೆಗೆ ಸಿಗದಷ್ಟು ಬಹಳವೂ ಸೂಕ್ಷ್ಮವೂ ಇಂದ್ರಿಯಾತೀತವೂ ಆಗಿವೆ ಎಂಬ ವಿವರಣೆ ಬರುತ್ತದೆ.

ಆ ಕಾಲದ ಆಚಾರ್ಯರ ಕೈಯಲ್ಲಿ ಯಂತ್ರವಿರಲಿಲ್ಲ. ಆದುದರಿಂದ ಅತಿಸೂಕ್ಷ್ಮವಾದುದನ್ನು ಅನುಮಾನದಿಂದಲೇ ತಿಳಿಯಬೇಕಿತ್ತು. ಅಂದು ಅನುಮಾನಕ್ಕೆ ಬಿಟ್ಟಿದ್ದ ಕೆಲವು ವಿಷಯಗಳು ಇಂದು ಪ್ರತ್ಯಕ್ಷದ ಎಲ್ಲೆಯೊಳಗೆ ಬಂದಿವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಆಯುರ್ವೇದದ ದೃಷ್ಟಿಯಿಂದ ನಾನು ಹೀಗೆ ಅರ್ಥ ಮಾಡಿಕೊಳ್ಳುತ್ತೇನೆ.

ಬೆಳಕಿನ ಮಿತಿ

ಪ್ರಯೋಗಾಲಯಗಳಲ್ಲಿ ನಾವು ನೋಡುವ ಸಾಮಾನ್ಯ ಸೂಕ್ಷ್ಮದರ್ಶಕವು ಬೆಳಕಿನಿಂದ ಕೆಲಸ ಮಾಡುತ್ತದೆ. ಬೆಳಕು ಅಲೆಯ ರೂಪದಲ್ಲಿ ಸಾಗುತ್ತದೆ; ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಎರಡು ಚುಕ್ಕೆಗಳ ನಡುವಣ ಅಂತರ ಸುಮಾರು 200 ನ್ಯಾನೋಮೀಟರಿಗಿಂತ ಕಡಿಮೆಯಾದರೆ, ಮಸೂರ ಎಷ್ಟೇ ಉತ್ತಮವಾಗಿದ್ದರೂ ಬೆಳಕು ಅವುಗಳನ್ನು ಬೇರ್ಪಡಿಸಿ ತೋರಿಸಲಾರದು. ನಮ್ಮ ಕೆಂಪು ರಕ್ತಕಣ 7,000ದಿಂದ 8,000 ನ್ಯಾನೋಮೀಟರ್ ಅಗಲವಿರುವುದರಿಂದ ಅದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಜೀವಕೋಶದೊಳಗಿನ ನವಿರಾದ ಪೊರೆಗಳಾಗಲಿ, ಹೆಚ್ಚಿನ ವೈರಾಣುಗಳಾಗಲಿ ಕಾಣುವುದಿಲ್ಲ. ದಪ್ಪ ಬೆರಳಿನಿಂದ ಸವರಿ ಸೂಜಿಯ ಕಣ್ಣನ್ನು ಅರಿಯಲಾಗದಂತೆಯೇ ಇದು.

ಎಲೆಕ್ಟ್ರಾನಿಗೂ ಅಲೆಯ ಗುಣವುಂಟು. ಒಂದು ಲಕ್ಷ ವೋಲ್ಟ್ ಒತ್ತಡದಲ್ಲಿ ಚಿಮ್ಮಿಸಿದ ಎಲೆಕ್ಟ್ರಾನಿನ ಅಲೆಯು ಬೆಳಕಿನ ಅಲೆಗಿಂತ ಲಕ್ಷ ಪಟ್ಟಿಗೂ ಹೆಚ್ಚು ಕಿರಿದು. ಗಾಜಿನ ಮಸೂರಕ್ಕೆ ಬದಲಾಗಿ ವಿದ್ಯುತ್ಕಾಂತಗಳಿಂದ ಈ ಕಿರಣವನ್ನು ಬಾಗಿಸಿ ಚಿತ್ರ ಪಡೆಯಬಹುದೆಂದು 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರಸ್ಕಾ ಮತ್ತು ಮ್ಯಾಕ್ಸ್ ನಾಲ್ ತೋರಿಸಿಕೊಟ್ಟರು. ಈ ಸಾಧನೆಗಾಗಿ ರಸ್ಕಾ ಅವರಿಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1986ರಲ್ಲಿ, ಐವತ್ತೈದು ವರ್ಷಗಳ ಬಳಿಕ. ಭಾರತದಲ್ಲಿ ಈ ಯಂತ್ರವನ್ನು ಮೊದಲು ಕಟ್ಟಿದವರು ಕಲ್ಕತ್ತೆಯ ವಿಜ್ಞಾನಿ ನೀರಜನಾಥ ದಾಸಗುಪ್ತ. 1940ರ ದಶಕದಲ್ಲಿಯೇ ಅವರು ಆ ಕಾರ್ಯವನ್ನು ಕೈಗೊಂಡಿದ್ದರು. ಇಂದಿನ ಯಂತ್ರಗಳು ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ ಅಂತರವನ್ನು ಬೇರ್ಪಡಿಸಿ ತೋರಿಸಬಲ್ಲವು.

ತುಣುಕಿನ ಪಯಣ

ವರದಿಗೆ ಏಕೆ ಇಷ್ಟು ದಿನ ಬೇಕೆಂದು ಕೇಳುವವರು ಈ ಭಾಗವನ್ನು ಗಮನಿಸಬೇಕು. ರೋಗಿಯ ದೇಹದಿಂದ ತೆಗೆದ ತುಣುಕಿನಲ್ಲಿ ಸುಮಾರು ಒಂದು ಮಿಲಿಮೀಟರ್ ಗಾತ್ರದ ಭಾಗವನ್ನು, ಅಂದರೆ ರಾಗಿ ಕಾಳಿಗಿಂತಲೂ ಚಿಕ್ಕದನ್ನು, ತಡಮಾಡದೆ ಗ್ಲುಟರಾಲ್ಡಿಹೈಡ್ ಎಂಬ ದ್ರವಕ್ಕೆ ಹಾಕುತ್ತಾರೆ. ಕೆಲವು ನಿಮಿಷ ತಡವಾದರೂ ಜೀವಕೋಶದ ಒಳರಚನೆ ಕೆಡತೊಡಗುತ್ತದೆ. ಬಳಿಕ ಆಸ್ಮಿಯಂ ಎಂಬ ಭಾರಲೋಹದ ದ್ರಾವಣದಲ್ಲಿ ನೆನೆಸಿ, ಆಲ್ಕೋಹಾಲಿನಿಂದ ನೀರಿನಂಶವನ್ನು ತೆಗೆದು, ರಾಳದಂತಹ ಅಂಟಿನಲ್ಲಿ ಹುದುಗಿಸಿ, ಒಲೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ.

ಅನಂತರ ಆ ಗಟ್ಟಿಯನ್ನು ಗಾಜಿನ ಅಥವಾ ವಜ್ರದ ಅಲಗಿನಿಂದ 60ರಿಂದ 90 ನ್ಯಾನೋಮೀಟರ್ ದಪ್ಪದ ಪದರಗಳಾಗಿ ಕತ್ತರಿಸುತ್ತಾರೆ. ತಲೆಗೂದಲನ್ನು ಉದ್ದುದ್ದಕ್ಕೆ ಸಾವಿರ ಹಾಳೆಗಳಾಗಿ ಸೀಳಿದರೆ ಒಂದು ಹಾಳೆ ಎಷ್ಟು ತೆಳುವಾದೀತೋ ಅಷ್ಟು ತೆಳು. ಮೂರು ಮಿಲಿಮೀಟರ್ ಅಗಲದ ತಾಮ್ರದ ಜಾಲರಿಯ ಮೇಲೆ ಆ ಪದರವನ್ನಿರಿಸಿ, ಯುರೇನಿಯಂ ಮತ್ತು ಸೀಸದ ಲವಣಗಳನ್ನು ಲೇಪಿಸಿ, ಗಾಳಿಯನ್ನು ಹೊರತೆಗೆದ ಕೊಳವೆಯೊಳಗೆ ಇಡುತ್ತಾರೆ. ಎಲೆಕ್ಟ್ರಾನ್ ಕಿರಣ ಅದರ ಮೂಲಕ ಹಾದುಹೋಗುವಾಗ ಲೋಹ ಹೆಚ್ಚು ಹಿಡಿದ ಭಾಗ ಕಪ್ಪಾಗಿಯೂ ಉಳಿದದ್ದು ಬೆಳ್ಳಗೂ ಕಾಣುತ್ತದೆ. ಹೀಗೆ ದೊರೆತ ಕಪ್ಪು ಬಿಳುಪು ಚಿತ್ರವನ್ನು ತಜ್ಞರು ಓದಿ ಅಭಿಪ್ರಾಯ ಬರೆಯುತ್ತಾರೆ. ಇಷ್ಟಕ್ಕೆಲ್ಲ ಒಂದೆರಡು ವಾರ ಹಿಡಿಯುವುದು ಆಶ್ಚರ್ಯವಲ್ಲ.

ಮೂತ್ರಪಿಂಡವೆಂಬ ಜರಡಿ

ರೋಗ ನಿದಾನಕ್ಕಾಗಿ ಈ ಯಂತ್ರವನ್ನು ಇಂದು ಅತಿ ಹೆಚ್ಚು ಬಳಸುವುದು ಮೂತ್ರಪಿಂಡದ ರೋಗಗಳಲ್ಲಿ. ಪ್ರತಿಯೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೋಸುಗುಚ್ಛಗಳಿವೆ. ಎರಡೂ ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ಬಹುಪಾಲನ್ನು ದೇಹ ಮರಳಿ ಪಡೆಯುತ್ತದೆ. ಈ ಜರಡಿಗೆ ಮೂರು ಪದರಗಳು: ರಂಧ್ರಗಳಿರುವ ರಕ್ತನಾಳದ ಒಳಪೊರೆ, ನಡುವೆ ಸುಮಾರು 300ರಿಂದ 350 ನ್ಯಾನೋಮೀಟರ್ ದಪ್ಪದ ಆಧಾರಪೊರೆ, ಹೊರಗೆ ಪೋಡೋಸೈಟ್ ಎಂಬ ಕೋಶಗಳು. ಈ ಕೋಶಗಳು ತಮ್ಮ ಪುಟ್ಟ ಪಾದಗಳನ್ನು, ನಾವು ಎರಡು ಕೈಗಳ ಬೆರಳುಗಳನ್ನು ಹೆಣೆಯುವಂತೆ, ಒಂದರೊಳಗೊಂದು ಸೇರಿಸಿ ನಿಂತಿರುತ್ತವೆ. ರಕ್ತದ ಪ್ರೋಟೀನ್ ಹೊರಗೆ ಸೋರದಂತೆ ತಡೆಯುವ ಕೊನೆಯ ಬೇಲಿ ಇದೇ.

ಬೆಳಗ್ಗೆ ಎದ್ದಾಗ ಮಗುವಿನ ಕಣ್ಣುಗಳ ಸುತ್ತ ಊತ, ಸಂಜೆಯ ಹೊತ್ತಿಗೆ ಕಾಲಿನಲ್ಲಿ ಊತ, ಮೂತ್ರದಲ್ಲಿ ನೊರೆ: ಇವು ಕಂಡರೆ ನಮ್ಮ ಹಳ್ಳಿಗಳಲ್ಲಿ "ನಂಜೇರಿದೆ" ಎನ್ನುತ್ತಾರೆ. ಬದನೆಕಾಯಿ ನಿಲ್ಲಿಸುತ್ತಾರೆ, ಅಂತ್ರ ಕಟ್ಟಿಸುತ್ತಾರೆ. ನಮ್ಮ ಶಾಸ್ತ್ರದಲ್ಲಿ ಇದು ಶೋಥ. ಆಧುನಿಕ ವೈದ್ಯಕೀಯದಲ್ಲಿ ಮೂತ್ರದಲ್ಲಿ ಪ್ರೋಟೀನ್ ಅತಿಯಾಗಿ ಸೋರುವ ಈ ಸ್ಥಿತಿಗೆ ನೆಫ್ರೋಟಿಕ್ ಸಿಂಡ್ರೋಮ್ ಎಂದು ಹೆಸರು. ಊತ ಒಂದೇ ಬಗೆಯದಾಗಿ ಕಂಡರೂ ಒಳಗಿನ ಕಾರಣ ಹಲವಿರುತ್ತದೆ. ಸೂಕ್ಷ್ಮದರ್ಶಕದ ಪ್ರಯೋಜನ ಇಲ್ಲಿ ಪ್ರಕಟವಾಗುತ್ತದೆ.

ಮೊದಲನೆಯದು, ಮಕ್ಕಳಲ್ಲಿ ಸಾಮಾನ್ಯವಾದ ಮಿನಿಮಲ್ ಚೇಂಜ್ ರೋಗ. ಇಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಮೂತ್ರಪಿಂಡ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಕಾಣುತ್ತದೆ. ಈ ಹೆಸರು ಬಂದದ್ದೂ ಅದರಿಂದಲೇ. 1957ರಲ್ಲಿ ಅಮೆರಿಕದ ಮೆರಿಲಿನ್ ಫಾರ್ಕರ್, ವರ್ನಿಯರ್ ಮತ್ತು ಗುಡ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇಂತಹ ರೋಗಿಗಳ ಮೂತ್ರಪಿಂಡವನ್ನು ಪರೀಕ್ಷಿಸಿ, ಪೋಡೋಸೈಟ್ ಪಾದಗಳು ತಮ್ಮ ಹೆಣಿಗೆಯನ್ನು ಕಳೆದುಕೊಂಡು ಹಿಟ್ಟಿನಂತೆ ಚಪ್ಪಟೆಯಾಗಿ ಹರಡಿರುವುದನ್ನು ವರ್ಣಿಸಿದರು. ಈ ರೋಗದ ಬಹುಪಾಲು ಮಕ್ಕಳು ಸ್ಟೀರಾಯ್ಡ್ ಔಷಧಕ್ಕೆ ಕೆಲವು ವಾರಗಳಲ್ಲಿ ಸ್ಪಂದಿಸುತ್ತಾರೆ. ಆದುದರಿಂದ ಮೊದಲ ಸಲ ಊತ ಬಂದ ಎಲ್ಲ ಮಕ್ಕಳಿಗೂ ಬಯಾಪ್ಸಿ ಮಾಡುವುದಿಲ್ಲ. ಔಷಧಕ್ಕೆ ಸ್ಪಂದಿಸದಿದ್ದಾಗ, ಒಂದು ವರ್ಷದೊಳಗಿನ ಕೂಸಿಗೆ ಬಂದಾಗ, ರಕ್ತದೊತ್ತಡ ಏರಿದಾಗ, ಮೂತ್ರದಲ್ಲಿ ರಕ್ತ ಕಂಡಾಗ ಅದರ ಅಗತ್ಯ ಬೀಳುತ್ತದೆ.

ಎರಡನೆಯದು ಆಲ್ಪೋರ್ಟ್ ರೋಗ. ಇದು ವಂಶದಲ್ಲಿ ಹರಿದುಬರುವಂಥದು. ಗಂಡುಮಗುವಿನ ಮೂತ್ರದಲ್ಲಿ ರಕ್ತದ ಅಂಶ, ಕ್ರಮೇಣ ಕಿವಿ ಮಂದವಾಗುವುದು, ತಾಯಿಯ ಕಡೆಯಲ್ಲಿ ಸೋದರಮಾವನಿಗೂ ಕಿವುಡು ಮತ್ತು ಮೂತ್ರಪಿಂಡದ ವೈಫಲ್ಯ ಇದ್ದದ್ದು: ಇಂತಹ ಚರಿತ್ರೆ ಇದ್ದರೆ ಇದನ್ನು ಶಂಕಿಸಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆಧಾರಪೊರೆಯು ಒಂದೆಡೆ ತೆಳ್ಳಗೆ, ಇನ್ನೊಂದೆಡೆ ದಪ್ಪಗಾಗಿ, ಸೀಳಿ, ಬುಟ್ಟಿಯ ಹೆಣಿಗೆಯಂತೆ ಕಾಣುತ್ತದೆ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಇದು ಗೋಚರಿಸದು. ಈ ರೋಗವನ್ನು ಸ್ಟೀರಾಯ್ಡ್ ಗುಣಪಡಿಸದು. ಆದರೆ ಬೇಗ ಗುರುತಿಸಿದರೆ ಮೂತ್ರಪಿಂಡದ ಹಾನಿಯನ್ನು ನಿಧಾನಗೊಳಿಸುವ ಔಷಧಗಳುಂಟು. ಮುಂದೆ ಮೂತ್ರಪಿಂಡ ದಾನದ ಪ್ರಶ್ನೆ ಬಂದಾಗ ತಾಯಿ, ಅಕ್ಕತಂಗಿಯರಲ್ಲಿಯೂ ಈ ದೋಷವಿರಬಹುದೇ ಎಂದು ನೋಡಿಯೇ ನಿರ್ಧರಿಸಬೇಕಾಗುತ್ತದೆ. ಒಂದು ಬಯಾಪ್ಸಿ ಇಡೀ ಕುಟುಂಬದ ಹಿತವನ್ನು ಕಾಯುವುದೆಂದರೆ ಹೀಗೆ.

ಮೂರನೆಯದು, ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಮೆಂಬ್ರೇನಸ್ ರೋಗ. ಇದರಲ್ಲಿ ಆಧಾರಪೊರೆಯ ಹೊರಮೈ ಮೇಲೆ, ಪೋಡೋಸೈಟಿನ ಅಡಿಯಲ್ಲಿ, ಕಪ್ಪು ಗಂಟುಗಳಂತಹ ನಿಕ್ಷೇಪಗಳು ಸಾಲಾಗಿ ಕೂರುತ್ತವೆ. ರೋಗದ ಆರಂಭದಲ್ಲಿ ಸಾಮಾನ್ಯ ಸೂಕ್ಷ್ಮದರ್ಶಕ ಇದನ್ನು ಗುರುತಿಸದೆ ಹೋಗಬಹುದು; ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸ್ಪಷ್ಟವಾಗಿ ತೋರಿಸುತ್ತದೆ.

ಪಾದರಸದ ವಿಷಯ

ಮೆಂಬ್ರೇನಸ್ ರೋಗದ ಪ್ರಸ್ತಾಪ ಬಂದಾಗ ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ಮುಚ್ಚಿಡದೆ ಹೇಳುವುದು ನನ್ನ ಕರ್ತವ್ಯ. 2022ರಲ್ಲಿ 'ಕಿಡ್ನಿ ಇಂಟರ್‌ನ್ಯಾಷನಲ್' ಎಂಬ ವೈದ್ಯ ಪತ್ರಿಕೆಯಲ್ಲಿ ಚೆನ್ನೈನ ತಜ್ಞರು ಮತ್ತು ಅವರ ಸಂಗಡಿಗರು ಒಂದು ಅಧ್ಯಯನವನ್ನು ಪ್ರಕಟಿಸಿದರು. ಮೆಂಬ್ರೇನಸ್ ರೋಗದ ಒಂದು ಬಗೆಯಲ್ಲಿ ನೆಲ್-1 ಎಂಬ ಪ್ರೋಟೀನ್ ನಿಕ್ಷೇಪಗಳಲ್ಲಿ ಕಂಡುಬರುತ್ತದೆ. ಆ ಬಗೆಯ ರೋಗಿಗಳಲ್ಲಿ ಅನೇಕರು ಸಾಂಪ್ರದಾಯಿಕ ದೇಶೀ ಔಷಧಗಳನ್ನು ಸೇವಿಸಿದ್ದರು. ಆ ಔಷಧಗಳಲ್ಲಿ ಪಾದರಸ ಪತ್ತೆಯಾಯಿತು. ಅವನ್ನು ನಿಲ್ಲಿಸಿದ ಬಳಿಕ ಹಲವರಲ್ಲಿ ಪ್ರೋಟೀನ್ ಸೋರಿಕೆ ಇಳಿಯಿತು. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರ ನಡುವೆ ಕಂಡ 22 ಮೆಂಬ್ರೇನಸ್ ರೋಗಿಗಳಲ್ಲಿ 15 ಮಂದಿಗೆ ಇದೇ ಬಗೆಯ ರೋಗವಿತ್ತು; ಆ 15ರಲ್ಲಿ 13 ಮಂದಿ ಚರ್ಮವನ್ನು ಬೆಳ್ಳಗಾಗಿಸುವ ಕ್ರೀಮುಗಳನ್ನು ಬಳಸಿದ್ದರು.

ರಸಶಾಸ್ತ್ರದಲ್ಲಿ ಪಾದರಸಕ್ಕೆ ಶೋಧನ, ಮಾರಣಾದಿ ಸಂಸ್ಕಾರಗಳನ್ನು ಕಟ್ಟುನಿಟ್ಟಾಗಿ ವಿಧಿಸಿರುವುದೇ ಅದು ಅಪಾಯಕಾರಿ ದ್ರವ್ಯವೆಂಬ ಅರಿವಿನಿಂದ. ನಮ್ಮ ದೇಶದ ಔಷಧ ನಿಯಮಗಳು ಕೂಡ ಇಂತಹ ದ್ರವ್ಯಗಳಿರುವ ಆಯುರ್ವೇದ ಔಷಧದ ಮೇಲೆ "ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸತಕ್ಕದ್ದು" ಎಂಬ ಎಚ್ಚರಿಕೆಯನ್ನು ಕಡ್ಡಾಯ ಮಾಡಿವೆ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ, ಪೊಟ್ಟಣದಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಯನ್ನು "ಆಯುರ್ವೇದವಲ್ಲವೇ, ಅಡ್ಡ ಪರಿಣಾಮವಿಲ್ಲ" ಎಂದು ನುಂಗುವುದು ಆಯುರ್ವೇದಕ್ಕೆ ಮಾಡುವ ಗೌರವವಲ್ಲ. ಪ್ರೋಟೀನ್ ಸೋರುತ್ತಿರುವ ರೋಗಿಯು ತಾನು ಸೇವಿಸಿದ ನಾಟಿ ಔಷಧ, ಭಸ್ಮ, ಹಚ್ಚಿದ ಕ್ರೀಮು ಎಲ್ಲವನ್ನೂ ಮೂತ್ರಪಿಂಡ ತಜ್ಞರ ಮುಂದೆ ಹೇಳಬೇಕು. ಸಾಧ್ಯವಾದರೆ ಪೊಟ್ಟಣವನ್ನೇ ಒಯ್ಯಬೇಕು. ಬೈಯುತ್ತಾರೆಂದು ಅದನ್ನು ಮರೆಮಾಚಿದರೆ ಯಾವ ಸೂಕ್ಷ್ಮದರ್ಶಕವೂ ಕಾರಣವನ್ನು ಪೂರ್ತಿಯಾಗಿ ಹೇಳಲಾರದು.

ನರ, ಸ್ನಾಯು ಮತ್ತು ಚರ್ಮ

ನಮ್ಮ ರಾಜ್ಯದಲ್ಲಿ ನರಸಂಬಂಧಿ ರೋಗಗಳ ನಿದಾನಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಬಹುಕಾಲದಿಂದ ಬಳಸುತ್ತಿರುವ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿಯ ನರರೋಗಶಾಸ್ತ್ರ ವಿಭಾಗದಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮೆದುಳಿನ ಸಂಗ್ರಹಾಲಯವೂ ಆರಂಭವಾಯಿತು. ಕೈಕಾಲುಗಳ ಬಲ ಕುಂದುತ್ತ ಹೋಗುವ ರೋಗಿಗಳ ಸ್ನಾಯು ಮತ್ತು ನರದ ತುಣುಕುಗಳನ್ನು ಅಲ್ಲಿ ಪರೀಕ್ಷಿಸುತ್ತಾರೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಎಂಬ ಕಣಗಳು ವಿಕಾರಗೊಂಡಿದ್ದರೆ, ಅವುಗಳ ಒಳಗೆ ಹರಳಿನಂತಹ ರಚನೆಗಳು ಕೂಡಿರುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸುತ್ತದೆ.

ಇನ್ನೊಂದು ಉದಾಹರಣೆ ಮನಕರಗಿಸುವಂಥದು. ಚೆನ್ನಾಗಿ ಆಡಿಕೊಂಡಿದ್ದ ಮಗುವಿಗೆ ಕ್ರಮೇಣ ಮೂರ್ಛೆ ಬರತೊಡಗುತ್ತದೆ, ದೃಷ್ಟಿ ಮಂದವಾಗುತ್ತದೆ, ಕಲಿತ ಮಾತು ಮರೆಯುತ್ತದೆ. ಗ್ರಹಚಾರವೆಂದೂ ಗಾಳಿ ಸೋಕಿತೆಂದೂ ತಂದೆತಾಯಿ ಅಲೆಯುತ್ತಾರೆ. ಇದು ನ್ಯೂರೋನಲ್ ಸೀರಾಯ್ಡ್ ಲಿಪೋಫಸ್ಕಿನೋಸಿಸ್ ಎಂಬ ಆನುವಂಶಿಕ ರೋಗವಾಗಿರಬಹುದು. ಇದನ್ನು ತಿಳಿಯಲು ಮೆದುಳಿಗೆ ಕೈಹಚ್ಚಬೇಕಾಗಿಲ್ಲ. ಚರ್ಮದ ಒಂದು ಸಣ್ಣ ಚೂರಿನಲ್ಲಿಯೇ, ಬೆರಳಚ್ಚಿನ ಗೆರೆಗಳಂತೆ ಅಥವಾ ಬಾಗಿದ ಎಳೆಗಳಂತೆ ಕಾಣುವ ಸಂಚಿತ ವಸ್ತುವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಗುರುತಿಸಬಲ್ಲದು. ನಿಮ್ಹಾನ್ಸ್‌ನ ತಜ್ಞರು ಇಂತಹ ಮಕ್ಕಳ ವಿವರಗಳನ್ನು ವೈದ್ಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ತಂದೆತಾಯಿ ಇಬ್ಬರೂ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲಿ ಮದುವೆ ಮಾಡುವ ರೂಢಿ ಇರುವ ನಮ್ಮಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಮೊದಲ ಮಗುವಿನ ರೋಗಕ್ಕೆ ಸರಿಯಾದ ಹೆಸರು ಸಿಕ್ಕರೆ ಎರಡನೆಯ ಬಸಿರಿಗೆ ಮುನ್ನ ದಂಪತಿಗಳು ತಜ್ಞರ ಸಲಹೆ ಪಡೆಯಬಹುದು.

ವೈರಾಣುಗಳ ರೂಪ

ಒಂದು ಕಾಲದಲ್ಲಿ ಸಿಡುಬೋ ಸೀತಾಳೆ ಸಿಡುಬೋ ಎಂಬ ಸಂದೇಹವನ್ನು ಗುಳ್ಳೆಯ ದ್ರವದ ಎಲೆಕ್ಟ್ರಾನ್ ಚಿತ್ರದಿಂದ ಪರಿಹರಿಸುತ್ತಿದ್ದರು. ಎರಡು ವೈರಾಣುಗಳ ಆಕಾರ ಬೇರೆ ಬೇರೆ. 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಸಂಗಡಿಗರು ಅತಿಸಾರದಿಂದ ಬಳಲುತ್ತಿದ್ದ ಮಕ್ಕಳ ಕರುಳಿನ ತುಣುಕಿನಲ್ಲಿ ಹೊಸ ವೈರಾಣುವನ್ನು ಕಂಡರು. ಗಾಲಿಯಂತೆ ಕಾಣುವುದರಿಂದ ಅದಕ್ಕೆ ರೋಟಾ ಎಂಬ ಹೆಸರು ಬಂತು. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಗಾಲಿ. ಇಂದು ಕೂಸುಗಳಿಗೆ 6, 10 ಮತ್ತು 14ನೆಯ ವಾರಗಳಲ್ಲಿ ಬಾಯಿಯ ಮೂಲಕ ಕೊಡುವ ರೋಟಾ ಲಸಿಕೆಯ ಮೂಲದಲ್ಲಿ ಆ ಚಿತ್ರವಿದೆ. 2020ರ ಜನವರಿ 30ರಂದು ಕೇರಳದಲ್ಲಿ ದೃಢಪಟ್ಟ ದೇಶದ ಮೊದಲ ಕೊರೋನಾ ರೋಗಿಯ ಗಂಟಲು ದ್ರವದಲ್ಲಿದ್ದ ವೈರಾಣುವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಇದೇ ಯಂತ್ರದಿಂದ ಚಿತ್ರಿಸಿದರು. ಅದರ ಗಾತ್ರ ಸುಮಾರು 75 ನ್ಯಾನೋಮೀಟರ್ ಮಾತ್ರ.

ಮಿತಿಗಳೂ ಉಂಟು

ಈ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಸಕ್ಕರೆ ರೋಗದಲ್ಲಿ ಆಧಾರಪೊರೆ ದಪ್ಪವಾಗುವುದು ಇದರಲ್ಲಿ ಬಹಳ ಮೊದಲೇ ಕಾಣುವುದಾದರೂ, ಹೆಚ್ಚಿನ ಸಕ್ಕರೆ ರೋಗಿಗಳಿಗೆ ಮೂತ್ರದ ಆಲ್ಬುಮಿನ್ ಪರೀಕ್ಷೆ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯೇ ಸಾಕು. ಅನೇಕ ವೈರಾಣುಗಳಿಗೆ ಈಗ ಪಿಸಿಆರ್, ಅನೇಕ ಗಡ್ಡೆಗಳಿಗೆ ವಿಶೇಷ ಬಣ್ಣದ ಪರೀಕ್ಷೆಗಳು, ಆನುವಂಶಿಕ ರೋಗಗಳಿಗೆ ಜೀನ್ ಪರೀಕ್ಷೆ ಬಂದಿವೆ. ಯಂತ್ರ ದುಬಾರಿ, ತಜ್ಞರು ವಿರಳ. ಇದಲ್ಲದೆ, ಇಪ್ಪತ್ತು ಲಕ್ಷ ಸೋಸುಗುಚ್ಛಗಳಲ್ಲಿ ಇದು ನೋಡುವುದು ಒಂದೆರಡನ್ನು ಮಾತ್ರ. ಸಾಮಾನ್ಯ ಸೂಕ್ಷ್ಮದರ್ಶಕ, ಹೊಳೆಯುವ ಬಣ್ಣಗಳ ಪರೀಕ್ಷೆ, ರೋಗಿಯ ಚರಿತ್ರೆ ಇವೆಲ್ಲವನ್ನೂ ಸೇರಿಸಿ ಓದಿದಾಗಲೇ ಎಲೆಕ್ಟ್ರಾನ್ ಚಿತ್ರಕ್ಕೆ ಅರ್ಥ. ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಮೂರೂ ಒಟ್ಟಾಗಿರಬೇಕೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಭಕ್ತರಿಗೆ ಕೆಲವು ಸೂಚನೆಗಳು

1. ಕಣ್ಣಿನ ಸುತ್ತ ಅಥವಾ ಕಾಲಿನಲ್ಲಿ ಊತ, ನೊರೆ ಮೂತ್ರ, ಕೆಂಪು ಇಲ್ಲವೆ ಕಂದು ಬಣ್ಣದ ಮೂತ್ರ ಕಂಡರೆ ಆ ವಾರದೊಳಗೇ ಮೂತ್ರ ಪರೀಕ್ಷೆ ಮಾಡಿಸಿರಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿಯೇ ಇದು ಆಗುತ್ತದೆ.

2. ಮಗುವಿಗೆ ಸ್ಟೀರಾಯ್ಡ್ ಆರಂಭಿಸಿದ್ದರೆ, ಮುಖ ದಪ್ಪವಾಯಿತೆಂದು ನೀವೇ ನಿಲ್ಲಿಸಬೇಡಿರಿ. ಹಠಾತ್ತನೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು. ಆಯುರ್ವೇದ ಚಿಕಿತ್ಸೆಯನ್ನು ಜೊತೆಗೆ ಪಡೆಯುವ ಇಚ್ಛೆ ಇದ್ದರೆ ಇಬ್ಬರು ವೈದ್ಯರಿಗೂ ತಿಳಿಸಿಯೇ ಪಡೆಯಿರಿ.

3. ಬಯಾಪ್ಸಿಗೆ ಹೆದರಬೇಡಿರಿ. ಸ್ಕ್ಯಾನಿಂಗ್ ನೋಡುತ್ತ, ಆ ಜಾಗವನ್ನು ಮರಗಟ್ಟಿಸಿ, ಸಣ್ಣ ಸೂಜಿಯಿಂದ ತುಣುಕು ತೆಗೆಯುತ್ತಾರೆ. ಕೆಲವು ಗಂಟೆ ಅಂಗಾತ ಮಲಗಿರಬೇಕಾಗುತ್ತದೆ. ಒಂದೆರಡು ದಿನ ಮೂತ್ರ ಕೆಂಪಾಗಬಹುದು. ತೀವ್ರ ರಕ್ತಸ್ರಾವ ಅಪರೂಪ. ಆಸ್ಪಿರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿರಿ.

4. ಎಲೆಕ್ಟ್ರಾನ್ ಪರೀಕ್ಷೆಗೂ ತುಣುಕನ್ನು ತೆಗೆದಿರಿಸುವ ಅಗತ್ಯವುಂಟೇ ಎಂದು ಬಯಾಪ್ಸಿಗೆ ಮುನ್ನವೇ ವೈದ್ಯರನ್ನು ವಿನಯದಿಂದ ಕೇಳಿರಿ. ಅದಕ್ಕೆ ಬೇರೆ ದ್ರವ ಬೇಕಾಗುವುದರಿಂದ ಆಮೇಲೆ ನೆನಪಾದರೆ ಫಲ ಅಷ್ಟು ಚೆನ್ನಾಗಿ ಬಾರದು.

5. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯೂ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಹೋಗುವಾಗ ಪಡಿತರ ಚೀಟಿ, ಆಧಾರ್ ಮತ್ತು ಹಳೆಯ ವರದಿಗಳೆಲ್ಲವನ್ನೂ ಒಯ್ಯಿರಿ. ಬಂದ ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ. ಹತ್ತು ವರ್ಷಗಳ ಬಳಿಕವೂ ಅದು ಉಪಯೋಗಕ್ಕೆ ಬರುತ್ತದೆ.

ಕಾಯಕಕ್ಕೂ ದಾಸೋಹಕ್ಕೂ ಆಧಾರವಾದುದು ಈ ಕಾಯ. ಅದರೊಳಗೆ ನಮಗೆ ಕಾಣದೆ ನಡೆಯುವ ಕೆಡುಕನ್ನು ಕಾಲವಿರುವಾಗಲೇ ಕಂಡುಕೊಂಡು ಸರಿಪಡಿಸಿಕೊಳ್ಳುವುದು ಶರಣರಿಗೆ ಒಪ್ಪುವ ನಡೆಯೇ ಆಗಿದೆ.